ಗಾಡಿಯ ವಿಮೆ: ಯಾರಿಗೆ, ಎಷ್ಟು?

ಕಳೆದ ತಿಂಗಳು ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. 1988ರಲ್ಲಿ ನನ್ನಲ್ಲಿ ಎಸ್ಸೆಸ್ಸೆಲ್ಸಿ ಓದಿದವನು. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಮಗನಿಗೆಂದು ಐದು ವರ್ಷ ಹಳೆಯದಾದ ಕಾರೊಂದನ್ನು ಕೊಂಡಿರುವುದಾಗಿ ತಿಳಿಸಿದ. ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ, "ಸಾರ್, ಇನ್ಶೂರೆನ್ಸು ಯಾವುದು ಮಾಡಿಸಲಿ? ಥರ್ಡ್ ಪಾರ್ಟಿ ಸಾಕೋ, ಫುಲ್ಲೇ ಬೇಕೋ?" ಎಂದು ಕೇಳಿದ. ಅವನ ದನಿ ಸಹಜವಾಗಿಯೇ ಇತ್ತು. ಆದರೆ ಇದೇ ಪ್ರಶ್ನೆಯನ್ನು ಇದೇ ಮನುಷ್ಯ ಇಪ್ಪತ್ತು ವರ್ಷಗಳಿಗೂ ಹಿಂದೆ ನನ್ನನ್ನು ಕೇಳಿದ್ದ. ನಾನು ನಿಂತ ನಿಲುವಿನಲ್ಲೇ ಉತ್ತರ ಕೊಟ್ಟಿದ್ದೆ. ಈ ಸಲ, "ಒಂದು ವಾರ ತಡೆಯಪ್ಪ, ಓದಿ ನೋಡಿ ಹೇಳುತ್ತೇನೆ" ಎಂದೆ.

ಸಮಾಜ ವಿಜ್ಞಾನ ಕಲಿಸಿದವರ ದೋಷವೊಂದುಂಟು. ಯಾವ ವಿಷಯವನ್ನೇ ಕೊಡಿ, ಅದರ ಹುಟ್ಟಿನಿಂದ ಹಿಡಿಯದೆ ನಮಗೆ ಸಮಾಧಾನವಿಲ್ಲ. ಆ ಒಂದು ವಾರದಲ್ಲಿ ಓದಿದ್ದನ್ನೂ ಅದರಿಂದ ನೆನಪಿಗೆ ಬಂದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಂಧುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಈಗ ಕಾರಿಲ್ಲದವರು ವಿರಳವಾದ್ದರಿಂದ ಯಾರಿಗಾದರೂ ಉಪಯೋಗಕ್ಕೆ ಬಂದೀತು.

1939ನೆಯ ಇಸವಿ ನಮ್ಮ ಕಡೆಯವರಿಗೆ ಮುಖ್ಯವಾದುದು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾದದ್ದು ಆ ವರ್ಷ. ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ವಾಹನಗಳ ಕಾಯಿದೆ ಬಂದದ್ದೂ ಆ ವರ್ಷವೇ. ಅಷ್ಟರಲ್ಲಿ ಕನ್ನಂಬಾಡಿಯ ಕಟ್ಟೆ ಮುಗಿದು, ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದು, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಗೆ ರೈತರು ಕಬ್ಬು ಸಾಗಿಸತೊಡಗಿದ್ದರು. ಎತ್ತಿನ ಗಾಡಿಯ ಜೊತೆಗೆ ಲಾರಿಯೂ ಅದೇ ರಸ್ತೆಯನ್ನು ಹಂಚಿಕೊಳ್ಳತೊಡಗಿದ ಕಾಲ ಅದು. ವಿಮೆಯ ಕಥೆಯೆಲ್ಲ ಹುಟ್ಟುವುದು ಈ ಹಂಚಿಕೆಯಿಂದಲೇ. ವೇಗ ಒಬ್ಬನದು, ಪೆಟ್ಟು ಇನ್ನೊಬ್ಬನದು.

ಪಶ್ಚಿಮದ ದೇಶಗಳು ಈ ಪಾಠವನ್ನು ಮೊದಲೇ ಕಲಿತಿದ್ದವು. ಗಾಡಿ ಗುದ್ದಿ ಕಾಲು ಕಳೆದುಕೊಂಡವನು ನ್ಯಾಯಾಲಯದಲ್ಲಿ ಗೆಲ್ಲುತ್ತಿದ್ದ; ಡಿಕ್ರಿಯ ಕಾಗದ ಕೈಗೆ ಬರುತ್ತಿತ್ತು; ಗುದ್ದಿದವನ ಬಳಿ ಮಾತ್ರ ಬಿಡಿಗಾಸೂ ಇರುತ್ತಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1927ರಿಂದ, ಇಂಗ್ಲೆಂಡಿನಲ್ಲಿ 1930ರ ಕಾಯಿದೆಯಿಂದ, ವಿಮೆಯಿಲ್ಲದ ಗಾಡಿ ರಸ್ತೆಗೆ ಇಳಿಯಕೂಡದೆಂಬ ನಿಯಮ ಬಂತು. ನಮ್ಮ 1939ರ ಕಾಯಿದೆಯ ಎಂಟನೆಯ ಅಧ್ಯಾಯ ಅದರ ಪಡಿಯಚ್ಚು. ಆದರೆ ಆ ಅಧ್ಯಾಯವನ್ನು ಮಾತ್ರ ತಡೆಹಿಡಿಯಲಾಗಿತ್ತು. ನಡುವೆ ಮಹಾಯುದ್ಧ ಬಂತು. ಕೊನೆಗೆ ಜಾರಿಯಾದದ್ದು 1946ರ ಜುಲೈ 1ರಂದು. ಸಂಸ್ಥಾನಗಳ ಮಾತು ಬೇರೆಯಿತ್ತು. ಮೈಸೂರು ಗಣರಾಜ್ಯದ ಅಂಗವಾದ ಮೇಲೆ ನಮಗೂ ಅವರಿಗೂ ಒಂದೇ ಕಾನೂನಾಯಿತು.

ಹಾಗೆಂದು ಮೈಸೂರಿನವರಿಗೆ ವಿಮೆಯೆಂದರೇನೆಂದು ತಿಳಿದಿರಲಿಲ್ಲವೆಂದಲ್ಲ. ಸಂಸ್ಥಾನದ ನೌಕರರಿಗಾಗಿ ಸರ್ಕಾರವೇ ಜೀವವಿಮೆ ಆರಂಭಿಸಿದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಇಂದು ನಾವು ಕೆಜಿಐಡಿ ಎಂದು ಕರೆಯುವ ಇಲಾಖೆ ಅದೇ. ಸಂಬಳದ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಕಡಿತವಾಗುತ್ತಿದ್ದ ಆ ಮೊತ್ತವನ್ನು ನೋಡಿ ಗೊಣಗದ ಉಪಾಧ್ಯಾಯರನ್ನು ನಾನು ಕಂಡಿಲ್ಲ. ನಿವೃತ್ತಿಯಾದಾಗ ಅದನ್ನು ಎಣಿಸಿಕೊಂಡು ಸಂತೋಷಪಡದವರನ್ನೂ ಕಂಡಿಲ್ಲ. ಸರ್ಕಾರಿ ಜೀಪುಗಳಿಗೆ ವಿಮೆ ಮಾಡುವ ಶಾಖೆಯೂ ಆ ಇಲಾಖೆಯಲ್ಲಿದೆ. ನಮ್ಮಲ್ಲಿ ಜೀವವಿಮೆ ಮನೆಯ ಮಾತಾಯಿತು. ಗಾಡಿಯ ವಿಮೆ ಮಾತ್ರ ಇಂದಿಗೂ ಪೊಲೀಸರಿಗೆ ತೋರಿಸುವ ಕಾಗದವಾಗಿಯೇ ಉಳಿದಿದೆ.

'ಥರ್ಡ್ ಪಾರ್ಟಿ' ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಮೊದಲನೆಯವನು, ಎರಡನೆಯವನು ಯಾರೆಂದು ಕೇಳಿದರೆ ಹೇಳುವವರು ಕಡಿಮೆ. ವಿಮೆಯೆಂಬುದು ಒಂದು ಕರಾರು. ಕರಾರಿನ ಮೊದಲ ಪಕ್ಷ ಗಾಡಿಯ ಒಡೆಯ, ಎರಡನೆಯ ಪಕ್ಷ ವಿಮಾ ಕಂಪನಿ. ಈ ಕರಾರಿಗೆ ಸಂಬಂಧವೇ ಇಲ್ಲದ, ರಸ್ತೆಯ ಮೇಲೆ ನಡೆದುಹೋಗುತ್ತಿದ್ದ ಮನುಷ್ಯ ಮೂರನೆಯವನು. ಕಾನೂನು ಕಡ್ಡಾಯ ಮಾಡಿದ್ದು ಈ ಮೂರನೆಯವನ ರಕ್ಷಣೆಯನ್ನು ಮಾತ್ರ. ಒಡೆಯನ ಗಾಡಿ ಜಖಂ ಆದರೆ ಅದು ಅವನ ಕರ್ಮ; ಬೇಕಿದ್ದರೆ ಅದಕ್ಕೂ ಹಣ ಕಟ್ಟಿ ರಕ್ಷಣೆ ಪಡೆಯಲಿ ಎಂಬುದು ಕಾನೂನಿನ ಧೋರಣೆ. ಹೀಗೆ ಎರಡು ಬಾಗಿಲುಗಳಾದವು. ಕಾನೂನು ಕೇಳಿದಷ್ಟು ಮಾತ್ರ ಕೊಡುವುದು 'ಆಕ್ಟ್ ಪಾಲಿಸಿ'. ಗಾಡಿಯ ನಷ್ಟವನ್ನೂ ಸೇರಿಸಿಕೊಂಡದ್ದು 'ಕಾಂಪ್ರಿಹೆನ್ಸಿವ್'. 2002ರ ದರಪಟ್ಟಿಯಲ್ಲಿ ಇವುಗಳ ಹೆಸರು 'ಲಯಬಿಲಿಟಿ ಓನ್ಲಿ' ಮತ್ತು 'ಪ್ಯಾಕೇಜ್' ಎಂದು ಬದಲಾಯಿತು. ಜನರ ಬಾಯಲ್ಲಿ ಮೊದಲನೆಯದು 'ಥರ್ಡ್ ಪಾರ್ಟಿ', ಎರಡನೆಯದು 'ಫುಲ್ಲು'.

ಆ ಮೂರನೆಯವನ ಜೀವಕ್ಕೆ ಕಾನೂನು ಕಟ್ಟಿದ ಬೆಲೆಯ ಚರಿತ್ರೆಯೂ ನೋಡತಕ್ಕದ್ದೇ. ಖಾಸಗಿ ಕಾರಿನಿಂದ ಸತ್ತವನ ವಿಷಯದಲ್ಲಿ ಕಂಪನಿಯ ಹೊಣೆಗೆ ಮಿತಿಯಿರಲಿಲ್ಲ. ಆದರೆ ಲಾರಿಯಿಂದ ಸತ್ತರೆ ಕಂಪನಿ ಕಡ್ಡಾಯವಾಗಿ ಹೊರಬೇಕಾದ ಹೊಣೆ ಮೊದಲಿಗೆ 20 ಸಾವಿರ ರೂಪಾಯಿಗೆ ನಿಲ್ಲುತ್ತಿತ್ತು. 1969ರ ತಿದ್ದುಪಡಿಯಿಂದ 50 ಸಾವಿರವಾಯಿತು. 1982ರಲ್ಲಿ ಒಂದೂವರೆ ಲಕ್ಷವಾಯಿತು. ಅದಕ್ಕೆ ಮೀರಿದ್ದನ್ನು ಲಾರಿಯ ಒಡೆಯನೇ ಕೊಡಬೇಕು. 1988ರ ಹೊಸ ಕಾಯಿದೆ 1989ರ ಜುಲೈ 1ರಿಂದ ಜಾರಿಯಾದಾಗ ಸಾವು ಮತ್ತು ಗಾಯಗಳ ಮಟ್ಟಿಗೆ ಈ ಮಿತಿ ಹೋಯಿತು. ನನ್ನ ದೃಷ್ಟಿಯಲ್ಲಿ ಆ ಕಾಯಿದೆ ಮಾಡಿದ ಅತ್ಯಂತ ದೊಡ್ಡ ಉಪಕಾರ ಇದು. ಸತ್ತವನು ಯಾವ ಗಾಡಿಯ ಕೆಳಗೆ ಸತ್ತ ಎಂಬುದರ ಮೇಲೆ ಅವನ ಮಕ್ಕಳ ಅನ್ನ ನಿಂತಿರಬಾರದು. ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವುದನ್ನು ತಪ್ಪಿಸಲು ಪ್ರತ್ಯೇಕ ನ್ಯಾಯಮಂಡಳಿಯ ಏರ್ಪಾಟು 1956ರ ತಿದ್ದುಪಡಿಯಲ್ಲೇ ಬಂದಿತ್ತು. ತಪ್ಪು ಯಾರದೆಂದು ಕೇಳದೆ ತಕ್ಷಣ ಕೊಡುವ ಪರಿಹಾರ ಬಂದದ್ದು 1982ರಲ್ಲಿ; ಸಾವಿಗೆ 15 ಸಾವಿರ ರೂಪಾಯಿ. ನ್ಯಾಯಾಲಯದ ಅಲೆದಾಟವೇನೂ ತಪ್ಪಲಿಲ್ಲ, ಅದಿರಲಿ.

1972ರ ಶಾಸನದ ಮೂಲಕ 107 ಕಂಪನಿಗಳು ರಾಷ್ಟ್ರೀಕರಣಗೊಂಡು 1973ರ ಜನವರಿ 1ರಿಂದ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕೇ ಕಂಪನಿಗಳಾದವು. ಎಲ್ಲರದೂ ಒಂದೇ ದರ, ಒಂದೇ ನಿಯಮ. ಖಾಸಗಿಯವರು ಮತ್ತೆ ಬಂದದ್ದು 2000ದಿಂದೀಚೆಗೆ. ಗಾಡಿಯ ನಷ್ಟದ ಭಾಗದ ದರವನ್ನು ಕಂಪನಿಗಳ ವಿವೇಚನೆಗೆ ಬಿಟ್ಟದ್ದು 2007ರ ಜನವರಿಯಿಂದ. ಥರ್ಡ್ ಪಾರ್ಟಿ ದರವನ್ನು ಮಾತ್ರ ಆಮೇಲೂ ಸರ್ಕಾರದ ಕಡೆಯಿಂದಲೇ ನಿಗದಿ ಮಾಡಲಾಗುತ್ತಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿಸಿಗೆ ಮೀರದ ಕಾರಿಗೆ 2,094 ರೂಪಾಯಿ, ಒಂದೂವರೆ ಸಾವಿರ ಸಿಸಿಯವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897 ರೂಪಾಯಿ. ಯಾವ ಕಂಪನಿಗೆ ಹೋದರೂ ಇಷ್ಟೇ. ಆದ್ದರಿಂದ ಏಜೆಂಟರು "ನಿಮಗಾಗಿ ಕಡಿಮೆ ಮಾಡಿಸಿದ್ದೇನೆ" ಎಂದರೆ ಅವರು ಕಡಿಮೆ ಮಾಡಿದ್ದು ಬೇರೇನನ್ನೋ ಎಂದು ತಿಳಿಯಬೇಕು.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮದುವೆಯ ದಿಬ್ಬಣವೆಂದರೆ ಲಾರಿ ಅಥವಾ ಟ್ರ್ಯಾಕ್ಟರಿನ ಟ್ರೇಲರು. ಹಿಂದಿನ ದಿನ ಕಬ್ಬು ಹೊತ್ತದ್ದನ್ನೇ ಗುಡಿಸಿ, ಹುಲ್ಲು ಹಾಸಿ, ಜಮಖಾನ ಹಾಸಿದರೆ ಐವತ್ತು ಜನರ ಪ್ರಯಾಣಕ್ಕೆ ಸಿದ್ಧ. ಮುತ್ತತ್ತಿಗೆ, ಆದಿಚುಂಚನಗಿರಿಗೆ ಹರಕೆಗೆ ಹೋಗುವುದೂ ಹಾಗೆಯೇ. ನಾನೂ ಹೋದವನೇ, ಚಿಕ್ಕಂದಿನಲ್ಲಿ ಅದಕ್ಕಿಂತ ದೊಡ್ಡ ಸಂತೋಷವಿರಲಿಲ್ಲ. ಮಗುಚಿದಾಗ ಆ ಐವತ್ತು ಜನ ಕಾನೂನಿನ ಕಣ್ಣಿನಲ್ಲಿ ಯಾರು ಎಂಬ ಪ್ರಶ್ನೆ ಮಾತ್ರ ನಮಗೆ ಎಂದೂ ಹೊಳೆದಿರಲಿಲ್ಲ. 1999ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, 1988ರ ಕಾಯಿದೆಯಡಿ ಸರಕು ಗಾಡಿಯಲ್ಲಿ ಕುಳಿತವರೂ ವಿಮೆಯ ರಕ್ಷಣೆಗೆ ಒಳಪಡುತ್ತಾರೆಂದು ಹೇಳಿತು. ಸರಿಯಾಗಿ ಮೂರು ವರ್ಷಕ್ಕೆ, 2002ರ ಡಿಸೆಂಬರಿನಲ್ಲಿ, ಆಶಾ ರಾಣಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ತೀರ್ಪು ಸರಿಯಲ್ಲವೆಂದಿತು. ಸರಕಿನ ಒಡೆಯನೋ ಅವನ ಪ್ರತಿನಿಧಿಯೋ ಆದರೆ ಸರಿ. ಪುಕ್ಕಟೆಯಾಗಿ ಹತ್ತಿದವರ ಹೊಣೆ ವಿಮಾ ಕಂಪನಿಯದಲ್ಲ. ಅಂದರೆ ಕಬ್ಬಿನ ಜೊತೆ ಕಬ್ಬಿನ ಒಡೆಯ ಹೋದರೆ ರಕ್ಷಣೆಯುಂಟು; ಮದುಮಗನ ಜೊತೆ ಸೋದರಮಾವ ಹೋದರೆ ಇಲ್ಲ. ಪರಿಹಾರವನ್ನು ಟ್ರ್ಯಾಕ್ಟರಿನ ಒಡೆಯ ಕೊಡಬೇಕು. ಬಾಡಿಗೆಯನ್ನೂ ತೆಗೆದುಕೊಳ್ಳದೆ ನಂಟಸ್ತಿಕೆಗೆ ಟ್ರ್ಯಾಕ್ಟರು ಕೊಟ್ಟವನು ತನ್ನ ಜಮೀನನ್ನೇ ಒತ್ತೆ ಇಟ್ಟಂತಾಯಿತು.

ಸರಕಿನ ಗಾಡಿಗೆ ಹೀಗಾದರೆ, ಜನರನ್ನು ಕೂರಿಸಲೆಂದೇ ಇರುವ ಕಾರಿನಲ್ಲಿ ಹೇಗೆ? ಇಲ್ಲಿಗೆ ನನ್ನ ವಿದ್ಯಾರ್ಥಿಯ ಕಥೆಯನ್ನು ಹೇಳಲೇಬೇಕು. ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.

2001ರಲ್ಲಿ ಅವನು ಹಳೆಯ ಮಾರುತಿ ಓಮ್ನಿಯೊಂದನ್ನು ಕೊಂಡ. ಆ ದಿನಗಳಲ್ಲಿ ಹಳ್ಳಿಯಲ್ಲಿ ಕಾರೆಂದರೆ ಊರಿಗೆಲ್ಲ ಸೇರಿದ್ದು. ಹೆರಿಗೆಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಎಲ್ಲಕ್ಕೂ ಅದೇ. ಮಳವಳ್ಳಿಯ ಬಸ್ ನಿಲ್ದಾಣದ ಬಳಿ ನನ್ನನ್ನು ಕಂಡು ವಿಮೆಯ ಬಗ್ಗೆ ಕೇಳಿದ. ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಹಳೆಯ ಗಾಡಿ. ನೀನೇನು ಬೆಂಗಳೂರಿಗೆ ಓಡಿಸುತ್ತೀಯಾ? ಥರ್ಡ್ ಪಾರ್ಟಿ ಮಾಡಿಸು ಸಾಕು, ವರ್ಷಕ್ಕೆ ಎರಡು ಮೂರು ಸಾವಿರ ಉಳಿಯುತ್ತದೆ." ಗಾಡಿಯ ಬೆಲೆಯನ್ನು ನೋಡಿ ನಾನು ಲೆಕ್ಕ ಹಾಕಿದ್ದೆ. ಗಾಡಿಯೊಳಗೆ ಕೂರುವವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

2003ರಲ್ಲಿ, ಕಬ್ಬು ಸಾಗಿಸುವ ದಿನಗಳಲ್ಲಿ, ಅಕ್ಕ ಭಾವಂದಿರನ್ನು ಕರೆದುಕೊಂಡು ಮುತ್ತತ್ತಿಗೆ ಹೋಗಿ ಸಂಜೆ ಹಿಂದಿರುಗುತ್ತಿದ್ದ. ಹಲಗೂರು ದಾಟಿದ ಮೇಲೆ ಮಬ್ಬುಗತ್ತಲಲ್ಲಿ, ಹಿಂದೆ ದೀಪವೂ ಪ್ರತಿಫಲಕವೂ ಇಲ್ಲದ ಕಬ್ಬಿನ ಗಾಡಿಯೊಂದು ತೀರ ಹತ್ತಿರದಲ್ಲಿ ಕಣ್ಣಿಗೆ ಬಿತ್ತು. ತಪ್ಪಿಸಲು ಹೋಗಿ ಓಮ್ನಿ ಹುಣಸೆಮರಕ್ಕೆ ಬಡಿಯಿತು. ಓಮ್ನಿಯ ಮುಂಭಾಗ ಹೇಗಿತ್ತೆಂದು ಕಂಡವರಿಗೆ ಹೇಳಬೇಕಾಗಿಲ್ಲ. ಮುಂದೆ ಕುಳಿತಿದ್ದ ಭಾವ ಆಸ್ಪತ್ರೆ ತಲುಪಲಿಲ್ಲ. ಇವನ ತೋಳು ಮುರಿದಿತ್ತು.

ಆಮೇಲಿನದು ಕಾನೂನಿನ ಕಥೆ. ಪರಿಹಾರ ಬೇಕಾದರೆ ಅಜಾಗರೂಕತೆಯಿಂದ ಓಡಿಸಿದನೆಂದು ಚಾಲಕನ ಮೇಲೆ, ಒಡೆಯನ ಮೇಲೆ, ವಿಮಾ ಕಂಪನಿಯ ಮೇಲೆ ಅರ್ಜಿ ಹಾಕಬೇಕು. ಇಲ್ಲಿ ಚಾಲಕನೂ ಒಡೆಯನೂ ಒಬ್ಬನೇ, ಅರ್ಜಿದಾರಳ ಒಡಹುಟ್ಟಿದ ತಮ್ಮ. "ಸುಮ್ಮನೆ ಒಂದು ಶಾಸ್ತ್ರ, ಹಣ ಕೊಡುವುದು ಕಂಪನಿ" ಎಂದು ವಕೀಲರು ಸಮಾಧಾನ ಹೇಳಿದರು. ಅಕ್ಕ ತಮ್ಮನ ಮೇಲೆ ಕೇಸು ಹಾಕಿದಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋಗಿಬರುತ್ತಿದ್ದರು. ನ್ಯಾಯಮಂಡಳಿ ಮೂರು ಲಕ್ಷ ಚಿಲ್ಲರೆ ರೂಪಾಯಿಗಳ ಪರಿಹಾರವನ್ನು ಬಡ್ಡಿ ಸಹಿತ ಕಂಪನಿಯೇ ಕೊಡಬೇಕೆಂದು ಆದೇಶಿಸಿತು. ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಅದು ಅಲ್ಲಿ ಬಾಕಿಯಿರುವಾಗಲೇ, 2006ರ ಏಪ್ರಿಲಿನಲ್ಲಿ, ತಿಲಕ್ ಸಿಂಗ್ ಪ್ರಕರಣವೆಂದು ಹೆಸರಾದ ಸ್ಕೂಟರಿನ ಹಿಂಬದಿ ಸವಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು: ಕಾನೂನು ಕಡ್ಡಾಯ ಮಾಡಿದಷ್ಟನ್ನೇ ಕೊಡುವ ಪಾಲಿಸಿಯಾದರೆ, ಪುಕ್ಕಟೆಯಾಗಿ ಕುಳಿತುಬಂದವನ ಸಾವಿಗೆ ಕಂಪನಿ ಹೊಣೆಯಲ್ಲ. 2008ರಲ್ಲಿ ನಮ್ಮವನ ಪ್ರಕರಣವೂ ಅದೇ ದಾರಿಯಲ್ಲಿ ಇತ್ಯರ್ಥವಾಯಿತು. ಹಣ ಕೊಡಬೇಕಾದವನು ತಮ್ಮ.

ಅವನು ನಾಲೆಯ ನೀರಿನ ಮೂವತ್ತು ಗುಂಟೆ ಗದ್ದೆ ಮಾರಿದ. ಅಕ್ಕ ಬೇಡವೆಂದಳು, ಅವಳ ಅತ್ತೆಮನೆಯವರು ಬೇಕೆಂದರು. ಇಬ್ಬರು ಮಕ್ಕಳು ಓದುತ್ತಿದ್ದರು, ಅವರು ಹೇಳಿದ್ದೂ ತಪ್ಪಲ್ಲ. ಕೆಲವು ವರ್ಷ ಗೌರಿಹಬ್ಬಕ್ಕೆ ಬಾಗಿನ ಹೋಗಲಿಲ್ಲ. ಅವನು ಒಂದು ದಿನವೂ "ಸಾರ್, ನೀವೇ ಹೇಳಿದ್ದಿರಿ" ಎನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

'ಫುಲ್' ಪಾಲಿಸಿಯಿದ್ದಿದ್ದರೆ? ಆ ಪಾಲಿಸಿಯಲ್ಲಿ ಕಾರಿನೊಳಗಿನವರ ಹೊಣೆಯೂ ಸೇರಿರುತ್ತದೆಂಬುದನ್ನು ದರ ನಿಗದಿ ಮಾಡುವ ಸಮಿತಿ 1978ರಷ್ಟು ಹಿಂದೆಯೇ ಸೂಚಿಸಿತ್ತು. ಆದರೂ ಕಂಪನಿಗಳು ವಾದಿಸುತ್ತಲೇ ಇದ್ದುದರಿಂದ 2009ರ ನವೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿ ಅದನ್ನು ಖಚಿತಪಡಿಸಿತು. 2012ರ ನವೆಂಬರಿನಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದು, ಆಕ್ಟ್ ಪಾಲಿಸಿಗೂ ಪ್ಯಾಕೇಜಿಗೂ ಇರುವ ಅಂತರವನ್ನು ಬಿಡಿಸಿ ಹೇಳಿತು. 'ಫುಲ್ ಇನ್ಶೂರೆನ್ಸ್' ಎಂದರೆ ಬಂಪರಿಗೂ ಹೆಡ್‌ಲೈಟಿಗೂ ಎಂದು ನಾವು ತಿಳಿದಿದ್ದೆವು. ಅದರೊಳಗೆ ಪಕ್ಕದ ಆಸನದಲ್ಲಿ ಕುಳಿತ ಭಾವನೂ ಇದ್ದ.

ಕಬ್ಬಿನ ಗಾಡಿಯವನ ಮಾತೇನು ಎಂದು ಕೆಲವರು ಕೇಳಬಹುದು. ಎತ್ತಿನ ಗಾಡಿಗೆ ವಿಮೆಯೂ ಇಲ್ಲ, ನೋಂದಣಿಯೂ ಇಲ್ಲ. ಇದಕ್ಕೆ ಹೊಂದುವ ಇನ್ನೊಂದು ಪ್ರಕರಣ ನಮ್ಮ ರಾಜ್ಯದ್ದೇ, ಇಳಕಲ್ ಕಡೆಯದು. ಒಬ್ಬಾತ ಬೇರೊಬ್ಬರ ಮೋಟಾರು ಬೈಕನ್ನು ಕೇಳಿ ಪಡೆದು ಊರಿಗೆ ಹೋಗುವಾಗ, ಮುಂದಿದ್ದ ಎತ್ತಿನ ಗಾಡಿ ತಟ್ಟನೆ ನಿಂತು, ಅದಕ್ಕೆ ಬಡಿದು ಸತ್ತ. 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಗಾಡಿಯನ್ನು ಎರವಲು ಪಡೆದವನು ಒಡೆಯನ ಸ್ಥಾನದಲ್ಲೇ ನಿಲ್ಲುತ್ತಾನೆ, ಒಡೆಯ ತನ್ನ ಗಾಡಿಗೆ ತಾನೇ ಮೂರನೆಯವನಾಗಲಾರ. ತಪ್ಪಿದ್ದರೂ ಇಲ್ಲದಿದ್ದರೂ ಕೊಡುವ ಪರಿಹಾರ ಅವನ ಮನೆಯವರಿಗೆ ಆ ದಾರಿಯಲ್ಲಿ ಸಿಗಲಿಲ್ಲ. ಇದನ್ನು ಓದಿದಾಗ ನನಗೆ ಹೊಳೆದದ್ದು ನನ್ನ ವಿದ್ಯಾರ್ಥಿಯ ಮಗ. ಕಾರು ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ನಮ್ಮಲ್ಲಿ ಮುಕ್ಕಾಲು ಮನೆಗಳ ಕಥೆ ಇದು. ಒಡೆಯ ಚಾಲಕನಿಗೆಂದು ಕಡ್ಡಾಯ ಅಪಘಾತ ವಿಮೆಯುಂಟು; 2002ರ ದರಪಟ್ಟಿಯಲ್ಲಿ ಕಾರಿಗೆ 2 ಲಕ್ಷವಿದ್ದದ್ದನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಆದರೆ ಅದು ನೋಂದಣಿ ಪತ್ರದಲ್ಲಿ ಹೆಸರಿರುವ ಒಡೆಯನಿಗೆ ಮಾತ್ರ.

ಇನ್ನು ಗಾಡಿಯ ನಷ್ಟದ ವಿಷಯ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೆಂಕಿ, ನೀರು ಎಂದು ಎರಡು ಮುಖಗಳು.

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಿಗೇ ನಡೆದ ಗಲಭೆ ನನ್ನ ವಯಸ್ಸಿನವರೆಲ್ಲರಿಗೂ ನೆನಪಿರುತ್ತದೆ. ನಾನಾಗ ಮದ್ದೂರು ತಾಲ್ಲೂಕಿನಲ್ಲಿದ್ದೆ. ಹೆದ್ದಾರಿಯ ಕಡೆಯಿಂದ ಟೈರು ಸುಡುವ ವಾಸನೆ ಶಾಲೆಯ ಅಂಗಳದವರೆಗೂ ಬರುತ್ತಿತ್ತು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಲಾರಿಗಳೂ ಹತ್ತಾರು ಬಸ್ಸುಗಳೂ ಸುಟ್ಟುಹೋದವು. ಕಾವೇರಿಯ ವಿಷಯದಲ್ಲಿ ನಾನು ತಟಸ್ಥನಲ್ಲ. ಕೆಆರ್‌ಎಸ್ ನೀರು ಕುಡಿದು ಬೆಳೆದವನು ತಟಸ್ಥನಾಗುವುದು ಹೇಗೆ? ಆದರೆ ಸುಟ್ಟ ಲಾರಿಯೂ ಯಾರದೋ ಸಾಲದ ಲಾರಿ. ಗಲಭೆ, ಮುಷ್ಕರ, ಬೆಂಕಿ, ಕಳವು, ಪ್ರವಾಹ ಇವೆಲ್ಲದರಿಂದ ಆಗುವ ನಷ್ಟಕ್ಕೆ ಪ್ಯಾಕೇಜ್ ಪಾಲಿಸಿಯಲ್ಲಿ ರಕ್ಷಣೆಯುಂಟು. ಥರ್ಡ್ ಪಾರ್ಟಿಯಲ್ಲಿ ಚಿಕ್ಕಾಸಿಲ್ಲ. ಆಗಾಗ ರಸ್ತೆ ಬಂದ್ ಆಗುವ ಜಿಲ್ಲೆಯಲ್ಲಿ ಗಾಡಿ ಇಟ್ಟುಕೊಂಡವರು ಇದನ್ನು ಮರೆಯಬಾರದು.

ನೀರಿನದು 2022ರ ಪಾಠ. ಆ ಆಗಸ್ಟಿನ ಕೊನೆಯ ವಾರ ಸುರಿದ ಮಳೆಗೆ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಕೆರೆಯಾಗಿ ಕಾರುಗಳು, ಬಸ್ಸುಗಳು ಮುಳುಗಿ ನಿಂತವು. ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲೂ ಅದೇ ದೃಶ್ಯ. ಇಲ್ಲೊಂದು ಸೂಕ್ಷ್ಮವಿದೆ. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಗಾಬರಿಯಲ್ಲಿ ಮತ್ತೆ ಚಾಲೂ ಮಾಡಿದರೆ ಎಂಜಿನ್ನು ನೀರನ್ನೇ ಒಳಗೆಳೆದುಕೊಳ್ಳುತ್ತದೆ; ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲವಾದ್ದರಿಂದ ಒಳಗಿನ ಸಲಾಕೆಗಳು ಬಾಗುತ್ತವೆ. ಇದು ಪ್ರವಾಹದ ನೇರ ನಷ್ಟವಲ್ಲ, ಅನಂತರದ ಪರಿಣಾಮ ಎಂದು ಕಂಪನಿಗಳು ಹೇಳುತ್ತವೆ. 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ರಕ್ಷಣೆ ಪಡೆದವರಿಗೆ ಮಾತ್ರ ಅದು ಸಿಗುತ್ತದೆ. ಅದಿದ್ದರೂ ಇಲ್ಲದಿದ್ದರೂ ನೀರಿನಲ್ಲಿ ಕೀಲಿ ತಿರುಗಿಸಬಾರದು. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಉದ್ಘಾಟಿಸಿದ ದಶಪಥ ಬಂದ ಮೇಲೆ ನಮ್ಮವರ ವೇಗವೂ ಹೆಚ್ಚಿದೆ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳು ಮುಖ್ಯ ಪಥಕ್ಕೆ ಬರುವಂತಿಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ.

ನಾಲೆಯ ವಿಷಯ ಬರೆಯಲು ಕೈ ಬರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ನಮಗೆ ಅನ್ನ ಕೊಟ್ಟ ನಾಲೆ ಅದು. ಏರಿಯ ಮೇಲಿನ ರಸ್ತೆಗೆ ತಡೆಗೋಡೆ ಕಟ್ಟುವುದಕ್ಕೆ ಯಾವ ಪಾಲಿಸಿಯೂ ಬೇಕಾಗಿರಲಿಲ್ಲ.

ವಾರ ಕಳೆದ ಮೇಲೆ ನಾನೇ ಅವನಿಗೆ ಕರೆ ಮಾಡಿದೆ. ಮೊದಲು ಹೇಳಿದ್ದು, ಕಾರನ್ನು ಮಗನ ಹೆಸರಿಗೇ ನೋಂದಾಯಿಸು ಎಂದು. ಹಳೆಯ ಕಾರು ಕೈಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ಕಾನೂನಿನ ಬಲದಿಂದ ಹೊಸ ಒಡೆಯನಿಗೆ ತಾನಾಗಿ ಬರುತ್ತದೆ. ಗಾಡಿಯ ನಷ್ಟದ ಭಾಗ ಹಾಗೆ ಬರುವುದಿಲ್ಲ. ಹದಿನಾಲ್ಕು ದಿನಗಳೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಹಳೆಯ ಒಡೆಯನ 'ನೋ ಕ್ಲೇಮ್' ರಿಯಾಯಿತಿ ಗಾಡಿಯ ಜೊತೆ ಬರುವುದಿಲ್ಲ, ಅದು ಆ ಮನುಷ್ಯನ ಸೊತ್ತು. ಪ್ಯಾಕೇಜನ್ನೇ ಮಾಡಿಸು ಎಂದೆ. ಐದು ವರ್ಷದವರೆಗೆ ಗಾಡಿಯ ಘೋಷಿತ ಮೌಲ್ಯವನ್ನು ಇಳಿಸುವುದಕ್ಕೆ ಪಟ್ಟಿಯುಂಟು, ಐದನೆಯ ವರ್ಷಕ್ಕೆ ಅರ್ಧದಷ್ಟು. ಅಲ್ಲಿಂದಾಚೆಗೆ ಇಬ್ಬರೂ ಒಪ್ಪಿದ ಬೆಲೆ. ಕಂತು ಕಡಿಮೆಯಾಗಲೆಂದು ಏಜೆಂಟರು ಆ ಬೆಲೆಯನ್ನು ತೀರ ತಗ್ಗಿಸುತ್ತಾರೆ. ಗಾಡಿ ಪೂರ್ತಿ ಹಾಳಾದಾಗ, ಅಂದರೆ ದುರಸ್ತಿ ವೆಚ್ಚ ಆ ಮೌಲ್ಯದ ಶೇಕಡಾ 75ನ್ನು ಮೀರಿದಾಗ, ಕೈಗೆ ಬರುವುದೂ ಅಷ್ಟೇ. ಪ್ಲಾಸ್ಟಿಕ್ಕು, ರಬ್ಬರು, ಬ್ಯಾಟರಿಗಳಿಗೆ ಅರ್ಧ ಹಣ ಮಾತ್ರ ಸಿಗುತ್ತದೆ. ಪೂರ್ತಿ ಬೇಕಿದ್ದರೆ 'ಜೀರೋ ಡಿಪ್ರಿಸಿಯೇಷನ್' ಎಂಬ ಹೆಚ್ಚುವರಿ ಕಂತು. ಈ ವಯಸ್ಸಿನ ಗಾಡಿಗೆ ಅದು ದುಬಾರಿ, ಬಿಡು ಎಂದೆ. ಇನ್ನೊಬ್ಬರ ಆಸ್ತಿಗೆ ಆಗುವ ಹಾನಿಗೆ 2002ರ ದರಪಟ್ಟಿಯಲ್ಲಿ ಕಾರುಗಳಿಗೆ ಏಳೂವರೆ ಲಕ್ಷದ ರಕ್ಷಣೆಯಿತ್ತು. ಅದನ್ನು 6 ಸಾವಿರಕ್ಕೆ ಇಳಿಸಿಕೊಂಡರೆ ನೂರು ರೂಪಾಯಿ ರಿಯಾಯಿತಿ. ನೂರು ರೂಪಾಯಿಗೆ ಏಳೂವರೆ ಲಕ್ಷವನ್ನು ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತನ್ನೂ ಸೇರಿಸಿದೆ, ಅವನಿಗಿಂತ ಹೆಚ್ಚಾಗಿ ಉಳಿದವರಿಗಾಗಿ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕೆಂಬ ಮಿತಿ 1988ರ ಕಾಯಿದೆಯಲ್ಲಿತ್ತು, 1994ರಲ್ಲಿ ತೆಗೆದುಹಾಕಿದ್ದರು. 2019ರ ತಿದ್ದುಪಡಿ ಅದನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಿಥಿ, ವರ್ಷಾಬ್ದಿಕ ಮುಗಿಯಲಿ ಎಂದು ಕಾಯುವ ನಮ್ಮ ಮನೆಗಳಲ್ಲಿ ಆರು ತಿಂಗಳು ಬೇಗ ಕಳೆದುಹೋಗುತ್ತದೆ. ಮೊನ್ನೆ ಮೊನ್ನೆಯಷ್ಟೇ ಗಂಡನನ್ನು ಕಳೆದುಕೊಂಡವಳಿಗೆ ಗಡುವು ಹಾಕಿದ ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಆದರೆ ನಿಯಮ ನಿಯಮವೇ.

ಅವನು ಎಲ್ಲವನ್ನೂ ಕೇಳಿಸಿಕೊಂಡು, "ಕೂತವರಿಗೆ ಬೇರೆಯಾಗಿಯೂ ಮಾಡಿಸಬಹುದಂತಲ್ಲ ಸಾರ್?" ಎಂದ. ಪ್ಯಾಕೇಜಿನಲ್ಲಿ ಅವರ ಹೊಣೆ ಸೇರಿಯೇ ಇರುತ್ತದೆ. ಆದರೆ ಅದು ಸಿಗುವುದು ಕೋರ್ಟಿನ ಮೂಲಕ, ಓಡಿಸಿದವನ ತಪ್ಪನ್ನು ಸಾಬೀತು ಮಾಡಿದ ಮೇಲೆ. ಪ್ರತ್ಯೇಕ ಅಪಘಾತ ವಿಮೆಯಾದರೆ ಯಾರ ಮೇಲೂ ಕೇಸು ಹಾಕಬೇಕಾಗಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಮೊನ್ನೆ ವಾಟ್ಸಾಪಿನಲ್ಲಿ ಪಾಲಿಸಿಯ ಪ್ರತಿ ಕಳುಹಿಸಿದ್ದಾನೆ. ಒಡೆಯನ ಸ್ಥಳದಲ್ಲಿ ಮಗನ ಹೆಸರಿದೆ. ಕೆಳಗೆ, ಹೆಸರಿಸದ ಪ್ರಯಾಣಿಕರು ನಾಲ್ವರು, ತಲಾ 2 ಲಕ್ಷ ಎಂದಿದೆ. ಕಾರಿನ ಮೊದಲ ಪ್ರಯಾಣ ಅಕ್ಕನ ಊರಿಗಂತೆ. ಅವಳ ಮೊಮ್ಮಗುವಿನ ನಾಮಕರಣವಿದೆ.